ಕೃಷ್ಣಮೃಗದ ಬಯಲಿನಲ್ಲಿ ಛಾಯಾಗ್ರಹಣ

ಸಂಸ್ಕೃತದಲ್ಲಿ ‘ಮೃಗ’ವೆಂಬ ಶಬ್ದಕ್ಕೆ ಪ್ರಾಣಿಸಾಮಾನ್ಯವೆಂಬ ಅರ್ಥವೂ ಉಂಟು, ಜಿಂಕೆಯೆಂಬ ವಿಶೇಷಾರ್ಥವೂ ಉಂಟು. ವೈಯಾಕರಣರು ಈ ಶಬ್ದವನ್ನು ‘ಅರಸು, ಹುಡುಕು’ ಎಂಬ ಅರ್ಥವುಳ್ಳ ಧಾತುವಿನಿಂದ ಸಾಧಿಸುತ್ತಾರೆ. ಬೇಟೆಗೆ ‘ಮೃಗಯೆ’ಯೆಂಬ ಹೆಸರು ಬಂದುದೂ ಅದೇ ಮೂಲದಿಂದಲೇ. ಹುಡುಕುವುದೇ ಬೇಟೆಯ ತಿರುಳಾದರೆ, ಬಿಲ್ಲುಬಾಣಗಳಿಲ್ಲದೆ, ರಕ್ತಪಾತವಿಲ್ಲದೆ, ಹುಡುಕಿ ಕಂಡ ಮೃಗವನ್ನು ಅದರ ಪಾಡಿಗೆ ಮೇಯಲು ಬಿಟ್ಟು ಮನೆಗೆ ಹಿಂದಿರುಗುವ ಬೇಟೆಯೊಂದು ಈ ಕಾಲದವರಾದ ನಮಗೆ ದೊರೆತಿದೆ. ಅದೇ ಛಾಯಾಗ್ರಹಣ.

ಈ ವಿದ್ಯೆ ಹಿಂದೆ ಧನಿಕರ ಸೊತ್ತಾಗಿತ್ತು. ಒಂದು ಸುರುಳಿ ಫಿಲ್ಮಿಗೆ ಮೂವತ್ತಾರು ಚಿತ್ರಗಳು. ಅವುಗಳನ್ನು ತೊಳೆಯಿಸಿ ಮುದ್ರಿಸುವ ವೆಚ್ಚವು ಬೇರೆ. ಈಗಲಾದರೋ ಮೊಬೈಲ್ ಫೋನಿನ ದೆಸೆಯಿಂದ ಕ್ಯಾಮೆರಾ ಇಲ್ಲದ ಮನೆಯೇ ವಿರಳವಾಗಿದೆ. ಯಂತ್ರವು ಸುಲಭವಾಯಿತು, ಆದರೆ ನೋಡುವ ಕಣ್ಣೂ ಕಾಯುವ ಮನಸ್ಸೂ ಅಷ್ಟು ಸುಲಭವಾಗಿ ಬರುವುದಿಲ್ಲ. ಉದ್ಯೋಗದಿಂದ ನಿವೃತ್ತನಾದ ಮೇಲೆ ನಾನು ಈ ಹವ್ಯಾಸಕ್ಕೆ ಕೈಹಾಕಿ, ನಮ್ಮ ಪ್ರಾಂತದ ಒಂದೇ ಒಂದು ಬಯಲನ್ನು ವರ್ಷದ ಎಲ್ಲ ಋತುಗಳಲ್ಲಿಯೂ ನೋಡಿ ತಿಳಿದುಕೊಂಡ ಸಂಗತಿಗಳನ್ನು ವಾಚಕಮಹಾಶಯರ ಮುಂದಿಡುವುದೇ ಈ ಲೇಖನದ ಉದ್ದೇಶ.

ಬಯಲಿನ ಪರಿಚಯ

ತುಮಕೂರು ಜಿಲ್ಲೆಯ ಮಧುಗಿರಿ ತಾಲ್ಲೂಕಿನಲ್ಲಿ, ಆಂಧ್ರದ ಗಡಿಯ ಮಗ್ಗುಲಲ್ಲಿ, ಮೈದನಹಳ್ಳಿಯೆಂಬ ಗ್ರಾಮವಿದೆ. ಅದರ ಸಮೀಪದ ಸುಮಾರು ೭೯೮ ಎಕರೆಗಳ ಹುಲ್ಲುಬಯಲನ್ನು ಸರ್ಕಾರವು ೨೦೦೭ರಲ್ಲಿ ‘ಜಯಮಂಗಲಿ ಕೃಷ್ಣಮೃಗ ಸಂರಕ್ಷಣಾ ಮೀಸಲು’ ಎಂದು ಘೋಷಿಸಿತು. ಜಯಮಂಗಲಿ ಎಂಬುದು ಆ ಸೀಮೆಯ ಹೊಳೆಯ ಹೆಸರು. ರಾಣೆಬೆನ್ನೂರಿನ ಬಳಿ ೧೯೭೪ರಲ್ಲಿ ಸ್ಥಾಪಿತವಾದ ಕೃಷ್ಣಮೃಗಧಾಮವು ವಿಸ್ತಾರದಲ್ಲಿ ಇದಕ್ಕಿಂತ ಎಷ್ಟೋ ಪಾಲು ದೊಡ್ಡದು. ಆದರೂ ಕಾಲ್ನಡಿಗೆಯ ಮನುಷ್ಯನಿಗೆ ಒಂದು ಸ್ಥಳವನ್ನು ಚೆನ್ನಾಗಿ ಅರಿತುಕೊಳ್ಳಬೇಕಾದರೆ ಚಿಕ್ಕ ಬಯಲೇ ಅನುಕೂಲ.

ಇಲ್ಲಿ ಮಲೆನಾಡಿನ ನಿಬಿಡಾರಣ್ಯವಿಲ್ಲ; ಜಲಪಾತವಿಲ್ಲ; ಹುಲಿಯಿಲ್ಲ, ಆನೆಯಿಲ್ಲ. ಹೊಸದಾಗಿ ಬಂದವನು, ‘ಇದೇನು, ಬರಿಯ ಹುಲ್ಲು!’ ಎಂದು ಮೂಗು ಮುರಿದರೆ ಆಶ್ಚರ್ಯವಿಲ್ಲ. ಅರ್ಧಗಂಟೆ ಸುಮ್ಮನೆ ಕುಳಿತವನಿಗೆ ಮಾತ್ರ ಆ ಬರಿಯ ಹುಲ್ಲು ಅಲ್ಲಲ್ಲಿ ಚಲಿಸತೊಡಗುತ್ತದೆ. ಮಣ್ಣಿನ ಬಣ್ಣದ ನೆಲಗುಬ್ಬಿಗಳು ಏಳುತ್ತವೆ. ದೂರದಲ್ಲಿ ಒಣಗಿದ ಕೊಂಬೆಯೆಂದು ತಿಳಿದಿದ್ದುದು ಕೊರಳನ್ನೆತ್ತಿ ನೋಡುತ್ತದೆ. ಅದೇ ಕೃಷ್ಣಮೃಗದ ಕೊಂಬು.

ಜಿಂಕೆಯೆಂಬ ಸಾಮಾನ್ಯ ನಾಮ

ನಮ್ಮ ಆಡುಮಾತಿನಲ್ಲಿ ಚುಕ್ಕೆಯುಳ್ಳದ್ದೂ ಜಿಂಕೆ, ಕಪ್ಪಾದುದೂ ಜಿಂಕೆ. ಪ್ರಾಣಿಶಾಸ್ತ್ರದ ದೃಷ್ಟಿಯಿಂದ ಇವೆರಡೂ ಬೇರೆ ಬೇರೆ ಕುಲಗಳು. ಚುಕ್ಕೆಜಿಂಕೆ, ಕಡವೆ ಮೊದಲಾದವುಗಳ ಗಂಡಿಗೆ ಕವಲೊಡೆದ ಕೊಂಬುಗಳಿರುತ್ತವೆ. ಅವು ಕಳಚಿಬಿದ್ದು ಮತ್ತೆ ಹೊಸದಾಗಿ ಮೂಡುತ್ತವೆ. ಕೃಷ್ಣಮೃಗದ ಕೊಂಬು ಹಾಗಲ್ಲ. ಒಳಗೆ ಎಲುಬು, ಹೊರಗೆ ಹಸುವಿನ ಕೊಂಬಿನಂತೆ ಗಟ್ಟಿಯಾದ ಕವಚ. ಅದು ಕವಲೊಡೆಯುವುದಿಲ್ಲ, ಕಳಚಿಬೀಳುವುದೂ ಇಲ್ಲ. ಉಂಗುರ ಉಂಗುರವಾಗಿ, ತಿರುಪಿನಂತೆ ಸುತ್ತಿಕೊಂಡು ಜೀವಮಾನವಿಡೀ ಇರುತ್ತದೆ. ಹೆಣ್ಣಿಗೆ ಸಾಮಾನ್ಯವಾಗಿ ಕೊಂಬಿಲ್ಲ. ಅದರ ಮೈಬಣ್ಣ ಒಣಹುಲ್ಲಿನಂಥ ಕಂದು. ಗಂಡಾದರೋ ಹುಟ್ಟುವಾಗ ತಾಯಿಯ ಬಣ್ಣದಲ್ಲಿಯೇ ಇದ್ದು, ಮೂರು ವರ್ಷಗಳ ಸುಮಾರಿಗೆ ಕಪ್ಪಾಗತೊಡಗುತ್ತದೆ. ಹೊಟ್ಟೆಯೂ ಕಣ್ಣಿನ ಸುತ್ತಣ ವಲಯವೂ ಮಾತ್ರ ಬೆಳ್ಳಗೆ ಉಳಿಯುತ್ತವೆ. ಕಪ್ಪು ಬಿಳುಪುಗಳ ಈ ಬೆರಕೆಯನ್ನು ಕಂಡೇ ನಮ್ಮ ಪ್ರಾಚೀನರು ಇದಕ್ಕೆ ಕೃಷ್ಣಸಾರವೆಂಬ ಸುಂದರನಾಮವನ್ನಿತ್ತರು.

ಅಮರಸಿಂಹನು ತನ್ನ ಕೋಶದಲ್ಲಿ ಕೃಷ್ಣಸಾರ, ರುರು, ನ್ಯಂಕು, ಪೃಷತ, ಏಣ ಮೊದಲಾಗಿ ಮೃಗಭೇದಗಳನ್ನು ಬೇರೆಬೇರೆಯಾಗಿಯೇ ಎಣಿಸಿದ್ದಾನೆ. ಆ ಪಟ್ಟಿಯನ್ನು ಬಾಯಿಪಾಠ ಮಾಡಿಸುತ್ತಿದ್ದ ಕಾಲದಲ್ಲಿ ಅವು ಬಾಲಕರಿಗೆ ಬರಿಯ ಶಬ್ದಗಳಾಗಿದ್ದುವು. ಬಯಲಿನಲ್ಲಿ ನಿಂತು ನೋಡಿದರೆ, ಪ್ರತಿಯೊಂದು ಶಬ್ದದ ಹಿಂದೆಯೂ ಯಾರೋ ಒಬ್ಬನು ಬಹುಕಾಲ ಕಣ್ಣಿಟ್ಟು ನೋಡಿದ್ದನೆಂಬುದು ಮನವರಿಕೆಯಾಗುತ್ತದೆ.

ಈ ಪ್ರಾಣಿಯ ಓಟವು ಜಗತ್ಪ್ರಸಿದ್ಧ. ಗಂಟೆಗೆ ಸುಮಾರು ೮೦ ಕಿಲೋಮೀಟರು ವೇಗದಿಂದ ಅದು ಓಡಬಲ್ಲದು. ಇಷ್ಟು ವೇಗವನ್ನು ಅದಕ್ಕೆ ಕಲಿಸಿದ ಗುರುಗಳಲ್ಲಿ ಒಬ್ಬನಾದ ಚೀತಾ ನಮ್ಮ ದೇಶದಿಂದ ಅಳಿದುಹೋಯಿತೆಂದು ೧೯೫೨ರಲ್ಲಿ ಸರ್ಕಾರವೇ ಸಾರಿತು. ೨೦೨೨ರಲ್ಲಿ ಆಫ್ರಿಕದಿಂದ ಚೀತಾಗಳನ್ನು ತರಿಸಿ ಮಧ್ಯಪ್ರದೇಶದ ಕೂನೋ ಎಂಬಲ್ಲಿ ಬಿಡಲಾಯಿತಾದರೂ, ನಮ್ಮ ಬಯಲಿಗೆ ಅದರ ಸುಳಿವಿಲ್ಲ. ಅಟ್ಟಿಬರುವವನು ಇಲ್ಲವಾದರೂ ಓಡುವವನ ಓಟ ಹಾಗೆಯೇ ಉಳಿದಿದೆ.

ಸಮೀಪಿಸುವ ಕ್ರಮ

ಕೃಷ್ಣಮೃಗದ ಚಿತ್ರವನ್ನು ತೆಗೆಯಬಯಸುವವನು ಮೊದಲು ತಿಳಿಯಬೇಕಾದುದು ಅದರ ದೃಷ್ಟಿಯ ತೀಕ್ಷ್ಣತೆಯನ್ನು. ಬಯಲಿನ ಪ್ರಾಣಿಗೆ ಕಣ್ಣೇ ಕಾವಲುಗಾರ. ಗಿಡದ ಮರೆಯಿಂದ ಮರೆಗೆ ಕಳ್ಳನಂತೆ ನುಸುಳಿದರೆ ಅದು ನಮ್ಮನ್ನು ಕಾಣದೆ ಇರುವುದಿಲ್ಲ. ಕಳ್ಳನೆಂದೇ ಎಣಿಸಿ ಓಡುತ್ತದೆ. ಅದಕ್ಕಿಂತ ಉತ್ತಮವಾದ ಉಪಾಯವೆಂದರೆ, ಸೂರ್ಯೋದಯಕ್ಕೆ ಮುಂಚೆಯೇ ಹೋಗಿ, ಅರಣ್ಯ ಇಲಾಖೆಯವರು ಅನುಮತಿಸಿದ ದಾರಿಯ ಅಂಚಿನಲ್ಲಿ, ಬೆನ್ನನ್ನು ಪೂರ್ವಕ್ಕೆ ಮಾಡಿ ಕುಳಿತುಬಿಡುವುದು. ನಾವು ಅಲ್ಲಿರುವುದು ಅವುಗಳಿಗೆ ಗೊತ್ತಾಗಲಿ. ನಮ್ಮಿಂದ ಕೇಡಿಲ್ಲವೆಂಬುದೂ ಗೊತ್ತಾಗಲಿ. ಮೇಯುತ್ತ ಮೇಯುತ್ತ ಹಿಂಡು ತಾನಾಗಿಯೇ ಹತ್ತಿರಕ್ಕೆ ಬರುವ ದಿನಗಳುಂಟು. ಬಾರದ ದಿನಗಳು ಅದಕ್ಕಿಂತ ಹೆಚ್ಚು. ಬಾರದ ದಿನ ಬರಿಗೈಯಿಂದ ಹಿಂದಿರುಗುವುದೂ ಈ ವಿದ್ಯೆಯ ಒಂದು ಅಂಗ.

ಅವುಗಳ ಮನಸ್ಸನ್ನು ಓದಲು ಒಂದು ಸುಲಭವಾದ ಕ್ರಮವುಂಟು. ತಲೆ ಬಗ್ಗಿಸಿ ಮೇಯುತ್ತಿದ್ದರೆ ನೆಮ್ಮದಿ. ಒಂದು ತಲೆಯೆತ್ತಿ ನಮ್ಮನ್ನು ದಿಟ್ಟಿಸಿದರೆ ಅಲ್ಲಿಯೇ ನಿಲ್ಲಬೇಕು. ಹಿಂಡೆಲ್ಲ ತಲೆಯೆತ್ತಿದರೆ, ಆಗಲೇ ನಾವು ಬೇಕಾದುದಕ್ಕಿಂತ ಸಮೀಪಕ್ಕೆ ಬಂದೆವೆಂದರ್ಥ. ಮೆಲ್ಲಗೆ ಹಿಂದೆ ಸರಿಯಬೇಕು. ಒಂದು ಹೆಣ್ಣು ನಾಲ್ಕೂ ಕಾಲುಗಳನ್ನು ಒಟ್ಟಿಗೆ ನೆಲದಿಂದೆತ್ತಿ ಚಂಡಿನಂತೆ ಪುಟಿಯಿತೆಂದರೆ ಹಿಂಡಿಗೆ ಅಪಾಯದ ಸೂಚನೆ ಹೋಯಿತು, ಇನ್ನು ಓಟವೇ.

ಓಡುವ ಜಿಂಕೆಯ ಚಿತ್ರ ನೋಡಲು ಚೆಂದವಲ್ಲವೇ ಎಂದು ಕೆಲವರು ಕೇಳಬಹುದು. ಚೆಂದವೇ ಸರಿ, ಅವು ತಮ್ಮಷ್ಟಕ್ಕೆ ಓಡಿದಾಗ. ಗಂಡುಗಳು ಒಂದನ್ನೊಂದು ಅಟ್ಟುವುದೂ, ಎಳೆಯವು ಸಂಜೆಯ ತಂಪಿನಲ್ಲಿ ಪಂದ್ಯ ಕಟ್ಟಿದಂತೆ ಓಡುವುದೂ ಕಾಯುವವನಿಗೆ ಕಾಣಸಿಗುತ್ತವೆ. ಓಡಿಸಿ ತೆಗೆದ ಚಿತ್ರದ ಮಾತು ಬೇರೆ. ಒಂದು ಸಲ ಕೆಲವು ಯುವಕರು ಮೋಟಾರುಗಾಡಿಯನ್ನು ದಾರಿ ಬಿಟ್ಟು ಹುಲ್ಲಿನೊಳಕ್ಕೆ ಇಳಿಸಿ ಹಿಂಡನ್ನು ಅಟ್ಟಿದುದನ್ನು ನಾನು ದೂರದಿಂದ ಕಂಡೆನು. ಹಿಂಡು ಕ್ಷಣಮಾತ್ರದಲ್ಲಿ ಗಡಿಯಾಚೆಯ ಹೊಲಗಳತ್ತ ಹೋಯಿತು. ಒಂದು ಹೆಣ್ಣು ಮಾತ್ರ ಸ್ವಲ್ಪ ದೂರ ಓಡುವುದು, ನಿಲ್ಲುವುದು, ಒಂದೇ ಹುಲ್ಲಿನ ಪೊದೆಯತ್ತ ತಿರುಗಿ ನೋಡುವುದು, ಮತ್ತೆ ಓಡುವುದು, ಹೀಗೆ ಮಾಡುತ್ತಿತ್ತು. ಕಾರಣವನ್ನು ಊಹಿಸುವುದು ಕಷ್ಟವಲ್ಲ. ಕೃಷ್ಣಮೃಗವು ಆರು ತಿಂಗಳು ಹೊತ್ತು ಒಂದೇ ಮರಿಯನ್ನು ಈಯುತ್ತದೆ; ಆ ಮರಿ ಮೊದಲ ಕೆಲವು ದಿನಗಳನ್ನು ಹುಲ್ಲಿನಲ್ಲಿ ಅಡಗಿ, ಅಲುಗಾಡದೆ ಮಲಗಿ ಕಳೆಯುತ್ತದೆ. ತಾಯಿ ದೂರ ಹೋದಷ್ಟೂ ಹೊತ್ತು ಅದು ನಾಯಿಗೂ ನರಿಗೂ ಸುಲಭದ ತುತ್ತು. ಕಾವಲುಗಾರನು ಓಡಿಬಂದು ಗಾಡಿಯನ್ನು ತಡೆದನು. ಯುವಕರಿಗೆ ದೊರೆತ ಚಿತ್ರಗಳಲ್ಲಿ ಧೂಳೂ ಓಡುವ ಪ್ರಾಣಿಗಳ ಹಿಂಭಾಗವೂ ಇದ್ದಿರಬೇಕು. ಅಷ್ಟಕ್ಕಾಗಿ ಒಂದು ಪ್ರಾಣ ಸಂಕಟಕ್ಕೆ ಸಿಕ್ಕಿತು. ಹುಲ್ಲಿನಲ್ಲಿ ಮರಿ ಕಂಡರೆ ಮುಟ್ಟದೆ, ಚಿತ್ರವನ್ನೂ ತೆಗೆಯದೆ, ಬಂದ ಹೆಜ್ಜೆಯಲ್ಲಿಯೇ ಹಿಂದಿರುಗುವುದು ಧರ್ಮ. ಈ ಮೃಗವು ೧೯೭೨ರ ವನ್ಯಜೀವಿ ಸಂರಕ್ಷಣಾ ಕಾನೂನಿನ ಮೊದಲನೆಯ ಪಟ್ಟಿಯಲ್ಲಿ ಸೇರಿರುವುದರಿಂದ, ಅದನ್ನು ಅಟ್ಟುವುದೂ ಕೆಣಕುವುದೂ ದಂಡನೀಯವಾದ ಅಪರಾಧವೆಂಬುದನ್ನು ಮಕ್ಕಳಿಗೆ ತಿಳಿಸಿಕೊಡಬೇಕು.

ಕಾಳಿದಾಸನ ಶಾಕುಂತಲದ ಆರಂಭವನ್ನು ಬಲ್ಲವರು ಇಲ್ಲಿ ಒಂದು ಸಂಗತಿಯನ್ನು ನೆನೆಯಬಹುದು. ದುಷ್ಯಂತನು ರಥದಲ್ಲಿ ಅಟ್ಟಿದ ಜಿಂಕೆ ಕೊರಳನ್ನು ತಿರುಗಿಸಿ ತಿರುಗಿಸಿ ಹಿಂದೆ ನೋಡುತ್ತ ಓಡುವುದನ್ನು ಕವಿ ವರ್ಣಿಸುತ್ತಾನೆ. ಅದನ್ನು ಸ್ವತಃ ಕಂಡವನಲ್ಲದೆ ಮತ್ತೊಬ್ಬನು ಬರೆಯಲಾರನು. ಆದರೆ ಆ ವರ್ಣನೆ ಮುಗಿಯುವುದು ಬಾಣದಲ್ಲಲ್ಲ. ಆಶ್ರಮದ ಮೃಗವನ್ನು ಕೊಲ್ಲಬೇಡವೆಂದು ತಪಸ್ವಿಗಳು ಅಡ್ಡಬರುತ್ತಾರೆ, ರಾಜನು ಬಾಣವನ್ನು ಹಿಂದಕ್ಕೆ ತೆಗೆಯುತ್ತಾನೆ. ಬಸವಪ್ಪ ಶಾಸ್ತ್ರಿಗಳ ಕನ್ನಡ ಶಾಕುಂತಲದಲ್ಲಿ ಈ ಭಾಗವನ್ನು ಓದಿ ಬಯಲಿಗೆ ಹೋದರೆ ಎರಡೂ ಒಂದನ್ನೊಂದು ಬೆಳಗಿಸುತ್ತವೆ.

ಬಂದೂಕವನ್ನು ಬಿಟ್ಟು ಕ್ಯಾಮೆರಾವನ್ನು ಹಿಡಿದವರ ಪರಂಪರೆ ನಮ್ಮ ದೇಶದಲ್ಲಿಯೂ ಹಳೆಯದೇ. ಸಂಯುಕ್ತ ಪ್ರಾಂತದ ಅರಣ್ಯಾಧಿಕಾರಿಯಾಗಿದ್ದ ಎಫ್. ಡಬ್ಲ್ಯು. ಚಾಂಪಿಯನ್ ಎಂಬವರು ಕಾಡಿನ ಹುಲಿಗಳ ಚಿತ್ರಗಳನ್ನು ತೆಗೆದು ೧೯೨೭ರಲ್ಲಿ ಗ್ರಂಥವಾಗಿ ಪ್ರಕಟಿಸಿದರು. ಕರ್ನಾಟಕದಲ್ಲಿ ಸಂಡೂರಿನ ರಾಜಮನೆತನದವರೂ ರಾಜ್ಯದ ಮಂತ್ರಿಗಳೂ ಆಗಿದ್ದ ಎಂ. ವೈ. ಘೋರ್ಪಡೆಯವರು, ಬೆಂಗಳೂರಿನ ಟಿ. ಎನ್. ಎ. ಪೆರುಮಾಳ್ ಅವರು (೧೯೩೨–೨೦೧೭) ಈ ವಿದ್ಯೆಯಲ್ಲಿ ದೇಶವಿದೇಶಗಳ ಮನ್ನಣೆಯನ್ನು ಪಡೆದವರು. ಪೆರುಮಾಳ್ ಅವರಿಂದ ಪಾಠ ಹೇಳಿಸಿಕೊಂಡ ಛಾಯಾಗ್ರಾಹಕರು ನಮ್ಮ ನಾಡಿನಲ್ಲಿ ಅನೇಕರಿದ್ದಾರೆ.

ಕಪ್ಪು ಮೈಯೂ ಬೆಳಕಿನ ಲೆಕ್ಕವೂ

ಕೃಷ್ಣಮೃಗದ ಚಿತ್ರದಲ್ಲಿ ಒಂದು ವಿಶೇಷವಾದ ತೊಡಕುಂಟು. ಕ್ಯಾಮೆರಾದೊಳಗಿನ ಬೆಳಕಿನ ಮಾಪಕವು ಲೋಕದಲ್ಲಿರುವುದೆಲ್ಲವೂ ನಡುತರದ ಬೂದುಬಣ್ಣದ್ದೆಂದು ಎಣಿಸಿ ಲೆಕ್ಕ ಹಾಕುತ್ತದೆ. ಕಪ್ಪು ಗಂಡು ಚೌಕಟ್ಟನ್ನೆಲ್ಲ ತುಂಬಿಕೊಂಡಾಗ, ‘ಬೆಳಕು ಸಾಲದು’ ಎಂದು ಅದು ಭ್ರಮಿಸಿ ಹೆಚ್ಚು ಬೆಳಕನ್ನು ಒಳಬಿಡುತ್ತದೆ. ಕಪ್ಪು ಮೈ ಬೂದಿ ಬಳಿದಂತೆ ಕಾಣುತ್ತದೆ, ಬಿಳಿಯ ಹೊಟ್ಟೆ ಸುಣ್ಣದ ಗೋಡೆಯಾಗುತ್ತದೆ. ಆಗ ಬೆಳಕನ್ನು ಒಂದು ಮೆಟ್ಟಿಲಿನಷ್ಟು ಕಡಿಮೆ ಮಾಡಬೇಕು. ಅದೇ ಗಂಡು ದೂರದಲ್ಲಿ, ಬೆಳಗುವ ಹೊನ್ನಿನ ಹುಲ್ಲಿನ ನಡುವೆ ಚಿಕ್ಕದಾಗಿ ನಿಂತಾಗ ಮಾಪಕವು ಹುಲ್ಲನ್ನೇ ನೋಡುತ್ತದೆ. ಮೃಗವು ಮಸಿಯ ಬೊಟ್ಟಾಗುತ್ತದೆ. ಆಗ ಬೆಳಕನ್ನು ಸ್ವಲ್ಪ ಹೆಚ್ಚಿಸಬೇಕು. ಒಂದೇ ಪ್ರಾಣಿಗೆ ಎರಡು ಲೆಕ್ಕ. ಇದನ್ನು ತಿಳಿದವನ ಚಿತ್ರದಲ್ಲಿ ಕಪ್ಪು ಕಪ್ಪಾಗಿಯೂ, ಅದರೊಳಗಿನ ಕೂದಲಿನ ಹೊಳಪು ಹೊಳಪಾಗಿಯೂ ನಿಲ್ಲುತ್ತದೆ.

ಹೊತ್ತಿನ ಆಯ್ಕೆಯೇ ಅರ್ಧ ವಿದ್ಯೆ. ಸೂರ್ಯೋದಯದ ನಂತರದ ಒಂದು ಗಂಟೆ, ಸೂರ್ಯಾಸ್ತಕ್ಕೆ ಮುಂಚಿನ ಒಂದು ಗಂಟೆ, ಇವೇ ಶ್ರೇಷ್ಠ. ಓರೆಯಾಗಿ ಬೀಳುವ ಬೆಳಕಿನಲ್ಲಿ ಕೊಂಬಿನ ಉಂಗುರಗಳು ಎಣಿಸುವಂತೆ ಕಾಣುತ್ತವೆ. ಗಮನವನ್ನು ಪ್ರಾಣಿಯ ಕಣ್ಣಿನ ಮೇಲಿಡಬೇಕು. ಕಣ್ಣು ಮಸುಕಾದರೆ ಮಿಕ್ಕುದೆಲ್ಲ ಸ್ಪಷ್ಟವಾಗಿದ್ದರೂ ಚಿತ್ರಕ್ಕೆ ಜೀವವಿಲ್ಲ. ಮೇಯುವ ಮೃಗಕ್ಕೆ ಸೆಕೆಂಡಿನ ೨೫೦ರಲ್ಲಿ ಒಂದು ಭಾಗದ ವೇಗ ಸಾಕಾದೀತು. ಓಡುವುದಕ್ಕೆ ಸಾವಿರದಲ್ಲಿ ಒಂದು ಭಾಗವಾದರೂ ಬೇಕು. ೩೦೦ ಮಿಲಿಮೀಟರಿಗೆ ಮೇಲ್ಪಟ್ಟ ದೂರದ ಮಸೂರವಿದ್ದವರು ಕೈನಡುಕವನ್ನು ತಡೆಯಲು ಹುರುಳಿ ತುಂಬಿದ ಒಂದು ಚಿಕ್ಕ ಬಟ್ಟೆಚೀಲವನ್ನು ಕೊಂಡೊಯ್ದರೆ ಸಾಕು. ಬೆಲೆಬಾಳುವ ಮುಕ್ಕಾಲಿಯೇ ಆಗಬೇಕೆಂದಿಲ್ಲ.

ಮೊಬೈಲ್ ಫೋನು ಮಾತ್ರವೇ ಇರುವವರು ನಿರಾಶರಾಗಬೇಕಾದುದಿಲ್ಲ. ದೂರದ ಪ್ರಾಣಿಯನ್ನು ಅದರಲ್ಲಿ ಹಿಗ್ಗಿಸಿದಷ್ಟೂ ಚಿತ್ರ ಕೆಡುತ್ತದೆಯೆಂಬುದು ನಿಜ. ಅಂಥವರು ಮೃಗವನ್ನು ದೊಡ್ಡದಾಗಿ ಹಿಡಿಯುವ ಆಸೆಯನ್ನು ಬಿಟ್ಟು, ವಿಶಾಲವಾದ ಆಕಾಶದ ಕೆಳಗೆ ಅಂಗುಷ್ಠಪ್ರಮಾಣದ ಒಂದು ಹಿಂಡನ್ನು ತೋರಿಸಲಿ. ಆ ಪ್ರಾಣಿ ಎಂಥ ನೆಲದಲ್ಲಿ ಬದುಕುತ್ತದೆಂಬುದನ್ನು ಸಾರುವ ಅಂಥ ಚಿತ್ರವು, ಬರಿಯ ಮುಖವನ್ನು ತೋರಿಸುವ ಚಿತ್ರಕ್ಕಿಂತ ಎಷ್ಟೋ ವೇಳೆ ಹೆಚ್ಚು ಬೆಲೆಯುಳ್ಳದ್ದು. ಹೂಗಳ ವಿಷಯದಲ್ಲಂತೂ ಫೋನೇ ಸಮರ್ಥವಾದ ಸಾಧನ.

ಕಾಲಬುಡದ ಹೂಗಳು

ಜಿಂಕೆಗಾಗಿ ದೂರವನ್ನು ನೋಡುವ ಕಣ್ಣು ಕಾಲಬುಡವನ್ನು ಮರೆಯುತ್ತದೆ. ಬಯಲುಸೀಮೆಯ ಹೂಗಳು ತಮ್ಮನ್ನು ತಾವು ಸಾರಿಕೊಳ್ಳುವವಲ್ಲ. ವಿಷ್ಣುಕ್ರಾಂತಿಯ ಹೂ ಒಂದು ಸೆಂಟಿಮೀಟರಿನಷ್ಟೂ ಅಗಲವಿಲ್ಲ. ಆದರೆ ಅಂಥ ನೀಲವನ್ನು ಬಣ್ಣದ ಅಂಗಡಿಯಲ್ಲಿ ಕಾಣಲಾರಿರಿ. ಶಿವಪೂಜೆಗೆ ಸಲ್ಲುವ ತುಂಬೆ, ನೆಲದ ಮೇಲೆ ಹಬ್ಬಿ ಹಳದಿಯ ಹೂ ಬಿಡುವ ನೆಗ್ಗಿಲು, ಚರ್ಮ ಹದಮಾಡಲು ತೊಗಟೆಯನ್ನೊದಗಿಸುವ ತಂಗಡಿಯ ಹೊಂಬಣ್ಣದ ಗೊಂಚಲು, ಬೇಲಿಯ ಮೇಲೆ ಹಬ್ಬಿ ಹಳದಿಯಿಂದ ಕೆಂಪಿಗೆ ತಿರುಗುವ ಗೌರಿಹೂ, ಇವೆಲ್ಲ ನಮ್ಮ ಕಡೆಯ ಬಯಲು ಬೇಲಿಗಳ ಸಂಪತ್ತು. ಗೌರಿಹೂವಿನ ಗೆಡ್ಡೆ ವಿಷವಾದುದರಿಂದ ಮಕ್ಕಳು ಅದನ್ನು ಕೀಳದಂತೆ ನೋಡಿಕೊಳ್ಳಬೇಕು.

ಹೂವಿನ ಚಿತ್ರಕ್ಕೆ ಹೂವಿನ ಮಟ್ಟಕ್ಕೆ ನಾವು ಇಳಿಯಬೇಕು. ನಿಂತು ಕೆಳಮುಖವಾಗಿ ತೆಗೆದರೆ ಅದು ನೆಲದ ಮೇಲಿನ ಚುಕ್ಕೆ. ಮಲಗಿ ತೆಗೆದರೆ ಅದೇ ಹೂ ಆಕಾಶವನ್ನು ಹಿನ್ನೆಲೆಯಾಗಿ ಪಡೆದು ವೃಕ್ಷದಂತೆ ನಿಲ್ಲುತ್ತದೆ. ಗಾಳಿ ಏಳುವುದಕ್ಕೆ ಮುಂಚೆ, ಇಬ್ಬನಿ ಆರುವುದಕ್ಕೆ ಮುಂಚೆ ಕೆಲಸ ಮುಗಿಯಬೇಕು. ಬಿಸಿಲು ತೀಕ್ಷ್ಣವಾದರೆ ಒಂದು ಬಿಳಿಯ ಪಂಚೆಯನ್ನು ಅಡ್ಡ ಹಿಡಿದರೆ ಬೆಳಕು ಮೃದುವಾಗುತ್ತದೆ. ಮುಂದಿರುವ ಹುಲ್ಲು ಅಡ್ಡಬಂದರೆ ಕೀಳದೆ, ಬೆರಳಿನಿಂದ ಮೆಲ್ಲಗೆ ಒತ್ತಟ್ಟಿಗೆ ಸರಿಸಿ, ಅನಂತರ ಬಿಟ್ಟುಬಿಡಬೇಕು.

ಹೀಗೆ ನಾನು ಒಂದು ದಿನ ನೆಲದ ಮೇಲೆ ಮಲಗಿದ್ದಾಗ ಆ ದಾರಿಯಲ್ಲಿ ಬಂದ ಮುದುಕ ಕುರಿಗಾಹಿಯೊಬ್ಬನು ಗಾಬರಿಯಾಗಿ ಓಡಿಬಂದು, “ಏನಾಯ್ತು ಮೇಷ್ಟ್ರೇ, ತಲೆಗಿಲೆ ಸುತ್ತಿ ಬಂತಾ?” ಎಂದು ಕೇಳಿದನು. “ಇಲ್ಲಪ್ಪ, ಈ ಹೂವಿನ ಪಟ ತೆಗೀತಿದ್ದೀನಿ” ಎಂದೆನು. ಅವನು ಬಗ್ಗಿ ನೋಡಿ ನಕ್ಕು, “ಓ, ಇಷ್ಣುಕ್ರಾಂತಿ. ಬಿರ್‍ನೆ ತಗೊಳ್ಳಿ ಸ್ವಾಮಿ, ಹೊತ್ತು ನೆತ್ತಿಗೆ ಬಂದ್ರೆ ಮುಚ್ಕೊಂಬಿಡ್ತದೆ. ಆ ದಿಬ್ಬದ ಮ್ಯಾಲೆ ಇನ್ನೂ ಐತೆ” ಎಂದು ಕೋಲಿನಿಂದ ತೋರಿಸಿದನು. ಪುಸ್ತಕದಲ್ಲಿ ಆ ಹೂ ಬೆಳಿಗ್ಗೆ ಅರಳಿ ಮಧ್ಯಾಹ್ನಕ್ಕೆ ಮುದುಡುವುದೆಂಬ ಮಾತು ಇದ್ದೇ ಇದೆ. ಯಾವ ದಿಬ್ಬದ ಮೇಲೆ ಇದೆಯೆಂಬುದು ಯಾವ ಪುಸ್ತಕದಲ್ಲಿಯೂ ಇಲ್ಲ. ಸ್ಥಳದ ವಿದ್ಯೆ ಸ್ಥಳದವರಲ್ಲಿರುತ್ತದೆ. ಕ್ಯಾಮೆರಾ ಹಿಡಿದು ಹೋಗುವವರು ಅವರನ್ನು ಗೌರವದಿಂದ ಮಾತನಾಡಿಸಬೇಕು.

ಋತುಚಕ್ರ

ಬಯಲಿನಲ್ಲಿ ಒಂದು ಕಲ್ಲನ್ನು ಗೊತ್ತುಮಾಡಿಕೊಳ್ಳಿ. ತಿಂಗಳಿಗೊಮ್ಮೆ ಅದೇ ಕಲ್ಲಿನ ಬಳಿ ನಿಂತು, ಅದೇ ಎತ್ತರದಿಂದ, ಅದೇ ದಿಕ್ಕಿಗೆ, ಅದೇ ಮಸೂರದಿಂದ ಒಂದೊಂದು ಚಿತ್ರವನ್ನು ತೆಗೆಯಿರಿ. ವರ್ಷದ ಕೊನೆಯಲ್ಲಿ ಹನ್ನೆರಡನ್ನೂ ಸಾಲಾಗಿಟ್ಟು ನೋಡಿದರೆ, ಕಾಲಚಕ್ರವೆಂಬುದು ಕಣ್ಣಿಗೆ ಕಾಣುವ ವಸ್ತುವಾಗುತ್ತದೆ.

ಚೈತ್ರ ವೈಶಾಖಗಳಲ್ಲಿ ನೆಲ ಬಿರಿದಿರುತ್ತದೆ, ಹುಲ್ಲು ಬೂದುಬಣ್ಣವಾಗುತ್ತದೆ. ನಡುಹಗಲಿನಲ್ಲಿ ದೂರದ ನೆಲವು ನೀರಿನಂತೆ ಹೊಳೆಯುತ್ತದೆ. ಬಾಯಾರಿದ ಜಿಂಕೆ ನೀರೆಂದು ಭ್ರಮಿಸಿ ಓಡುವುದೆಂಬ ಭಾವದಿಂದ ಅದಕ್ಕೆ ಮೃಗತೃಷ್ಣೆಯೆಂದು ಹೆಸರು. ಕಾದ ನೆಲದ ಮೇಲಿನ ಬಿಸಿಗಾಳಿಯಲ್ಲಿ ಆಕಾಶದ ಬೆಳಕು ಬಾಗಿ ನಮ್ಮ ಕಣ್ಣಿಗೆ ಬರುವುದೇ ಇದರ ಕಾರಣ. ಬೆಳಕು ನಿಜವಾಗಿಯೂ ಬಾಗುವುದರಿಂದ ಕ್ಯಾಮೆರಾಕ್ಕೂ ಆ ನೀರು ಕಾಣುತ್ತದೆ. ವೇದಾಂತಿಗಳು ಮಿಥ್ಯೆಗೆ ಉದಾಹರಣೆಯಾಗಿ ಕೊಡುವ ವಸ್ತುವಿನ ಚಿತ್ರವನ್ನು ತೆಗೆದು ಮನೆಗೆ ತರಬಹುದೆಂಬುದು ವಿನೋದದ ಸಂಗತಿಯಲ್ಲವೇ? ಆದರೆ ಇದೇ ಬಿಸಿಗಾಳಿಯಿಂದ ದೂರದ ಮೃಗದ ಚಿತ್ರವು ಕದಡಿದ ನೀರಿನಲ್ಲಿ ಕಂಡಂತೆ ಅಲುಗುವುದರಿಂದ, ಆ ಹೊತ್ತಿನಲ್ಲಿ ಜಿಂಕೆಯ ಚಿತ್ರದ ಆಸೆಯನ್ನು ಬಿಡುವುದೇ ಲೇಸು.

ಜೂನ್ ತಿಂಗಳ ಮೊದಲಲ್ಲಿ ಮೃಗಶಿರಾ ಮಳೆ. ಜಿಂಕೆಯ ತಲೆಯೆಂಬ ಹೆಸರಿನ ಆ ನಕ್ಷತ್ರದ ಮಳೆ ಬಿದ್ದ ವಾರದೊಳಗೆ ಬಯಲಿನ ಮೇಲೆ ಹಸುರಿನ ನೆರಳು ಹಾಯುತ್ತದೆ. ನಮ್ಮ ಪೂರ್ವದ ಬಯಲುಸೀಮೆಗೆ ದೊಡ್ಡ ಮಳೆ ಬರುವುದು ಉತ್ತರೆ, ಹಸ್ತ, ಚಿತ್ತೆಗಳಲ್ಲಿ, ಅಂದರೆ ಸೆಪ್ಟೆಂಬರ್ ಅಕ್ಟೋಬರ್‌ಗಳಲ್ಲಿ. ಆಗ ಹುಲ್ಲು ಮೊಣಕಾಲನ್ನು ಮೀರುತ್ತದೆ, ಹೂಗಳ ಸುಗ್ಗಿ. ಮೋಡದ ಹರಡಿದ ಬೆಳಕು ಹೂವಿನ ಬಣ್ಣಕ್ಕೆ ಬಹಳ ಅನುಕೂಲ. ಈ ದಿನಗಳಲ್ಲಿಯೇ ಗಂಡುಗಳು ತಮ್ಮ ತಮ್ಮ ನೆಲವನ್ನು ಹಿಕ್ಕೆಯ ರಾಶಿಗಳಿಂದ ಗುರುತುಮಾಡಿ, ಮೂಗನ್ನು ಮೇಲೆತ್ತಿ ಕೊಂಬನ್ನು ಬೆನ್ನಿಗೆ ತಾಗಿಸಿ ಠೀವಿಯಿಂದ ನಡೆಯುವುದನ್ನು ಕಾಣಬಹುದು.

ಮಾರ್ಗಶಿರ ಪುಷ್ಯಗಳು ಛಾಯಾಗ್ರಾಹಕನ ಹಬ್ಬದ ಕಾಲ. ಹುಲ್ಲು ಹೊನ್ನಾಗಿರುತ್ತದೆ, ಬೆಳಗಿನ ಮಂಜು ದೂರದ ಗುಡ್ಡಗಳನ್ನು ಒಂದರ ಹಿಂದೊಂದಾಗಿ ಬೇರ್ಪಡಿಸಿ ತೋರಿಸುತ್ತದೆ, ಮಧ್ಯ ಏಷ್ಯದ ಕಡೆಯಿಂದ ವಲಸೆ ಬಂದ ಹ್ಯಾರಿಯರ್ ಗಿಡುಗಗಳು ಹುಲ್ಲಿನ ತುದಿಯನ್ನು ಮುಟ್ಟುವಂತೆ ತೇಲುತ್ತವೆ. ದಕ್ಷಿಣಾಯನ ಉತ್ತರಾಯಣಗಳ ಅರ್ಥವೂ ಈಗ ತಿಳಿಯುತ್ತದೆ. ಡಿಸೆಂಬರಿನಲ್ಲಿ ಸೂರ್ಯನು ನೇರ ಪೂರ್ವಕ್ಕಿಂತ ಸುಮಾರು ೨೪ ಅಂಶಗಳಷ್ಟು ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಜೂನಿನಲ್ಲಿ ಅಷ್ಟೇ ಉತ್ತರಕ್ಕೆ. ನಿಮ್ಮ ಕಲ್ಲಿನ ಬಳಿಯಿಂದ ತೆಗೆದ ಸೂರ್ಯೋದಯದ ಚಿತ್ರಗಳು ಪಂಚಾಂಗದ ಲೆಕ್ಕಕ್ಕೆ ಸಾಕ್ಷಿ ಹೇಳುತ್ತವೆ. ಮಾಘ ಫಾಲ್ಗುಣಗಳಲ್ಲಿ ಮುತ್ತುಗದ ಮರವಿರುವ ಕಡೆ ಕೆಂಡದಂಥ ಹೂ. ಒಣಗಿದ ಹುಲ್ಲಿಗೆ ನಿಜವಾದ ಬೆಂಕಿಯ ಭಯವೂ ಆಗಲೇ. ಸೇದಿದ ಬೀಡಿಯನ್ನು ಎಸೆಯುವವನು ಒಂದು ಗಂಟೆಯಲ್ಲಿ ಒಂದು ವರ್ಷದ ಮೇವನ್ನು ಸುಡಬಲ್ಲನು.

ಖರಾಬೆಂಬ ಹೆಸರು

ಇಷ್ಟನ್ನು ಹೇಳಿದುದು ವಿನೋದಕ್ಕಾಗಿ ಮಾತ್ರವಲ್ಲ. ಇಂಥ ಬಯಲುಗಳಿಗೆ ನಮ್ಮ ಕಂದಾಯದ ದಫ್ತರಗಳಲ್ಲಿ ‘ಖರಾಬು’ ಎಂದು ಹೆಸರು. ೨೦೦೦ದಲ್ಲಿ ಕೇಂದ್ರಸರ್ಕಾರದವರು ಮೊದಲಬಾರಿಗೆ ಪ್ರಕಟಿಸಿದ ದೇಶದ ಪಾಳುಭೂಮಿಯ ನಕಾಶೆಗಳಲ್ಲಿಯೂ ಇಂಥ ಹುಲ್ಲು ಕುರುಚಲುಗಳ ನೆಲವು ಪಾಳಿನ ಲೆಕ್ಕಕ್ಕೇ ಸೇರಿತು. ಪಾಳೆಂದ ಮೇಲೆ ಯಾವ ಉಪಯೋಗಕ್ಕಾದರೂ ತೆಗೆದುಕೊಳ್ಳಬಹುದಷ್ಟೆ. ಕೆಲವು ಕಡೆ ಸದುದ್ದೇಶದಿಂದಲೇ ನೀಲಗಿರಿ ಮುಂತಾದ ಮರಗಳನ್ನು ಸಾಲಾಗಿ ನೆಟ್ಟರು. ಆದರೆ ಕೃಷ್ಣಮೃಗವು ಕಾಡಿನ ಪ್ರಾಣಿಯಲ್ಲ. ದೂರದವರೆಗೆ ಕಣ್ಣು ಹಾಯದ ಕಡೆ ಅದು ನೆಮ್ಮದಿಯಾಗಿ ಮೇಯಲಾರದು. ನೆರಳಿನಲ್ಲಿ ಅದರ ಹುಲ್ಲೂ ಬೆಳೆಯದು. ಮರ ನೆಡುವುದು ಎಲ್ಲೆಲ್ಲಿಯೂ ಪುಣ್ಯವೆಂಬ ನಮ್ಮ ನಂಬಿಕೆ ಹುಲ್ಲುಬಯಲಿಗೆ ಅನ್ವಯಿಸುವುದಿಲ್ಲ.

ಇನ್ನು ಪ್ರಾಚೀನರ ಅಭಿಪ್ರಾಯವನ್ನು ನೋಡಿರಿ. ಕೃಷ್ಣಸಾರಮೃಗವು ಸ್ವಭಾವತಃ ಸಂಚರಿಸುವ ದೇಶವೇ ಯಜ್ಞಕ್ಕೆ ಯೋಗ್ಯವಾದ ದೇಶವೆಂದು ಮನುಸ್ಮೃತಿಯ ಎರಡನೆಯ ಅಧ್ಯಾಯವು ಹೇಳುತ್ತದೆ. ಆ ಗ್ರಂಥದ ಮಿಕ್ಕ ವಿಧಿಗಳ ವಿಚಾರವು ಇಲ್ಲಿ ಪ್ರಸ್ತುತವಲ್ಲ. ಒಂದು ನೆಲದ ಯೋಗ್ಯತೆಯನ್ನು ಅಲ್ಲಿ ನೆಮ್ಮದಿಯಾಗಿ ತಿರುಗುವ ಮೃಗದಿಂದ ಅಳೆದರೆಂಬುದಷ್ಟೇ ನನ್ನ ಮಾತು. ಅವರು ಯೋಗ್ಯವೆಂದು ಗುರುತಿಸಿದ ನೆಲವನ್ನೇ ನಾವು ಖರಾಬು ಎಂದು ಬರೆದುಕೊಂಡಿದ್ದೇವೆ.

ಸಂತೋಷದ ಸಂಗತಿಯೆಂದರೆ, ವನ್ಯಜೀವಿ ಕಾನೂನಿಗೆ ೨೦೦೨ರಲ್ಲಿ ಆದ ತಿದ್ದುಪಡಿಯಿಂದ ‘ಸಂರಕ್ಷಣಾ ಮೀಸಲು’ ಎಂಬ ಹೊಸ ಏರ್ಪಾಡು ಬಂದಿತು. ಇದನ್ನು ಘೋಷಿಸುವ ಮೊದಲು ಸುತ್ತಣ ಜನರೊಡನೆ ಸಮಾಲೋಚನೆ ನಡೆಯಬೇಕು. ಇದರ ಆಡಳಿತದ ಸಮಿತಿಯಲ್ಲಿ ಗ್ರಾಮಪಂಚಾಯಿತಿಯ ಪ್ರತಿನಿಧಿಗಳಿಗೂ ಸ್ಥಾನವಿದೆ. ಜಯಮಂಗಲಿಯ ಬಯಲು ಈ ಏರ್ಪಾಡಿನಿಂದಲೇ ಉಳಿಯಿತು. ಆದರೆ ಮೃಗಗಳಿಗೆ ಗಡಿಯ ಕಲ್ಲುಗಳ ಜ್ಞಾನವಿಲ್ಲ. ಅವು ಸುತ್ತಣ ಹೊಲಗಳಿಗೂ ಹೋಗುತ್ತವೆ, ರೈತನ ಪೈರನ್ನೂ ಮೇಯುತ್ತವೆ. ಅವನ ಸಹನೆಯಿಲ್ಲದೆ ಯಾವ ಕಾನೂನೂ ಅವುಗಳನ್ನು ಉಳಿಸಲಾರದು. ಚಿತ್ರ ತೆಗೆಯಲು ಪೇಟೆಯಿಂದ ಬರುವವರು ಇದನ್ನು ನೆನಪಿನಲ್ಲಿಟ್ಟು, ಹೊಲವನ್ನು ತುಳಿಯದೆ, ಪ್ಲಾಸ್ಟಿಕ್ ಬಿಸಾಡದೆ ಹೋಗಬೇಕು.

ಇಂಥ ಕಡೆ ಸಾಮಾನ್ಯ ಗೃಹಸ್ಥನ ಚಿತ್ರಗಳೂ ಉಪಕಾರ ಮಾಡಬಲ್ಲವು. ತಾರೀಖನ್ನೂ ಸ್ಥಳವನ್ನೂ ಗುರುತುಹಾಕಿ ವರ್ಷ ವರ್ಷವೂ ಇಟ್ಟುಕೊಂಡ ಚಿತ್ರಗಳು, ‘ಇಲ್ಲಿ ಏನೂ ಇಲ್ಲ’ ಎನ್ನುವವರಿಗೆ ಉತ್ತರವಾಗುತ್ತವೆ. ಎಷ್ಟು ಮೃಗಗಳಿದ್ದುವು, ಯಾವ ಹೂ ಯಾವ ವಾರದಲ್ಲಿ ಅರಳಿತು, ಹುಲ್ಲು ಎಷ್ಟೆತ್ತರವಿತ್ತು ಎಂಬುದನ್ನು ಚಿತ್ರದ ಜೊತೆಗೆ ಎರಡು ಸಾಲು ಬರೆದಿಡಿರಿ. ಒಂದು ಎಚ್ಚರಿಕೆ ಮಾತ್ರ ಅಗತ್ಯ. ಫೋನಿನ ಚಿತ್ರದೊಳಗೆ ತೆಗೆದ ಸ್ಥಳದ ಅಕ್ಷಾಂಶ ರೇಖಾಂಶಗಳು ಅಡಗಿರುವುದುಂಟು. ಮರಿಯ ಅಥವಾ ಹಕ್ಕಿಗೂಡಿನ ನೆಲೆ ಸಿಕ್ಕಸಿಕ್ಕವರಿಗೆ ತಿಳಿಯುವಂತೆ ಅಂಥ ಚಿತ್ರವನ್ನು ಹಂಚಬಾರದು.

ಮೈದನಹಳ್ಳಿಯವರೆಗೆ ಎಲ್ಲರೂ ಹೋಗಬೇಕೆಂದು ನಾನು ಹೇಳುವುದಿಲ್ಲ. ಪ್ರತಿಯೊಂದು ಊರಿನ ಸಮೀಪದಲ್ಲಿಯೂ ಒಂದು ಕೆರೆಯಂಗಳ, ಒಂದು ಗೋಮಾಳ, ಒಂದು ಅಮೃತಮಹಲ್ ಕಾವಲು, ಅದೂ ಇಲ್ಲವಾದರೆ ಪುರ ಉದ್ಯಾನದ ಒಂದು ಮೂಲೆಯಾದರೂ ಇದ್ದೇ ಇರುತ್ತದೆ. ಭಾನುವಾರದ ಬೆಳಿಗ್ಗೆ ಮನೆಯ ಮಕ್ಕಳನ್ನು ಕರೆದುಕೊಂಡು ಹೋಗಿರಿ. ಮನೆಯ ಹಿರಿಯ ಹೆಂಗಸರನ್ನೂ ಅವಶ್ಯವಾಗಿ ಕರೆದುಕೊಂಡು ಹೋಗಿರಿ. ಸೊಪ್ಪು, ಮದ್ದು, ಪೂಜೆಯ ಹೂ ಇವುಗಳ ಹೆಸರುಗಳು ಗಂಡಸರಿಗಿಂತ ಅವರಿಗೇ ಹೆಚ್ಚಾಗಿ ಗೊತ್ತಿರುತ್ತವೆ. ಮಗು ತೆಗೆದ ಚಿತ್ರದ ಕೆಳಗೆ ಅಜ್ಜಿ ಹೇಳಿದ ಹೆಸರನ್ನು ಬರೆಯಿಸಿರಿ. ಹೆಸರು ತಿಳಿದ ಗಿಡವನ್ನು ಯಾರೂ ಕಳೆಯೆಂದು ಸುಲಭವಾಗಿ ಕಿತ್ತೆಸೆಯರು. ಹನ್ನೆರಡು ತಿಂಗಳು ನೋಡಿದ ನೆಲವನ್ನು ಪಾಳೆಂದು ಕರೆಯಲು ಆ ಮಗುವಿಗೆ ಮುಂದೆ ಬಾಯಿ ಬಾರದು.